ಬಿಳಿ ಭೂಶಿರದಲ್ಲಿ ಬಿದ್ದಿದ್ದ ಬಾಂದು

ಪೋರ್ತ್ ಎತಿಯೆನ್

ಫಾರಿನ್ನಿಗೆ ಹೋಗಿಬಂದೆ ಎಂದ ಕೂಡಲೇ ನಮ್ಮ ಶೆಟ್ಟಿಹಳ್ಳಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಹಿಮ ಬೀಳುತ್ತಾ ಅಂತ. ಹಿಮ ಇಲ್ಲ, ಮರಳು ಬೀಳುತ್ತೆ ಎಂದೆ. ಕೇಳಿದವರ ಮುಖ ಸಪ್ಪಗಾಯಿತು. ನಮ್ಮ ಚಿಕ್ಕಪ್ಪನಂತೂ, "ಮರಳು ನೋಡಕ್ಕೆ ಅಷ್ಟು ದೂರ ಓಗ್ಬೇಕಿತ್ತೇನ್ಲಾ, ಎಸರಘಟ್ಟದ ಒಳೇಲಿ ಇರ್ನಿಲ್ವಾ" ಎಂದು ಎದ್ದು ಹೋದ. ಅವನು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆಫ್ರಿಕಾ ಖಂಡದ ಪಡುವಣ ಅಂಚಿನಲ್ಲಿ, ಸಹಾರಾ ಮರುಭೂಮಿ ಬಂದು ಸಮುದ್ರದಲ್ಲಿ ಮುಗಿಯುವ ಕಡೆ, ಮಾರಿಟೇನಿಯ ಎಂಬ ದೇಶವಿದೆ. ಫ್ರೆಂಚರಿಂದ ಬಿಡುಗಡೆಯಾಗಿ ಇನ್ನೂ ಕೆಲವೇ ವರ್ಷ. ನಮ್ಮ ಆಫೀಸಿನ ಟಪಾಲು ಗುಮಾಸ್ತರು ಅದು ಮಾರಿಷಸ್ಸಿನ ಇನ್ನೊಂದು ಹೆಸರು ಎಂದು ತೀರ್ಮಾನಿಸಿದ್ದರಿಂದ, ನನಗೆ ಬರೆದ ಮೊದಲ ಮೂರು ಕಾಗದಗಳು ಮಾರಿಷಸ್ ನೋಡಿಕೊಂಡು ಬಂದವು. ನನಗಿಂತ ಹೆಚ್ಚು ದೇಶ ಸುತ್ತಿದ ಕಾಗದಗಳು.

ಅಲ್ಲಿನ ಪೋರ್ತ್ ಎತಿಯೆನ್ ಎಂಬ ಊರಿನಲ್ಲಿ ಒಂದು ಹೊರದೇಶದ ಕಂಪನಿ, ಮರುಭೂಮಿಯ ಒಳಗಿಂದ ರೈಲಿನಲ್ಲಿ ಬರುವ ಕಬ್ಬಿಣದ ಅದಿರನ್ನು ಹಡಗಿಗೆ ತುಂಬಲು ಹೊಸ ಧಕ್ಕೆ ಕಟ್ಟಿತ್ತು. ನಮ್ಮಲ್ಲೂ ಅಂಥದೊಂದು ಕಟ್ಟುವ ಯೋಚನೆ ನಡೆದಿತ್ತು. ಆರು ತಿಂಗಳು ಕೆಲಸ ಕಲಿತು ಬರಲು ಇಬ್ಬರನ್ನು ಕಳಿಸಿದರು. ಯಂತ್ರದ ಕಡೆಯಿಂದ ಯಶವಂತಪುರದ ನಂಜುಂಡಯ್ಯ, ಅಳತೆಯ ಕಡೆಯಿಂದ ನಾನು.

ನಮ್ಮೂರಿನಲ್ಲಿ ಇಂಜಿನಿಯರಿಂಗ್ ಪಾಸು ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗಿನ ಜಾವ ಯಶವಂತಪುರದವರೆಗೆ ನಡೆದು, ಬೇರೆಯವರ ಪುಸ್ತಕ ಕೈಯಲ್ಲಿ ನಕಲು ಮಾಡಿಕೊಂಡು, ಗಣಿತದಲ್ಲಿ ಒಂದು ಸಲ ಡುಮ್ಕಿ ಹೊಡೆದು ಪಾಸಾದವನು. ಹೊರಡುವ ಮುಂಚೆ ನಮ್ಮ ಕಛೇರಿಯ ದೊಡ್ಡವರು ಕೂರಿಸಿಕೊಂಡು ಹೇಳಿದರು: "ನೋಡ್ರೀ ಮುನಿಯಪ್ಪ, ಅಲ್ಲಿಯವರು ಏನು ವರದಿ ಬರೆದು ಕಳಿಸ್ತಾರೋ ಅದರ ಮೇಲೆ ನಿಮ್ಮ ಮುಂದಿನದೆಲ್ಲ. ಇಂಥವರನ್ನ ಯಾಕೆ ಕಳಿಸಿದ್ರಿ ಅಂತ ನನ್ನನ್ನ ಯಾರೂ ಕೇಳಬಾರದು." ಇಂಥವರು ಎಂದರೆ ಎಂಥವರು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು.

ಊರು ಎಂದರೆ ಒಂದಿಷ್ಟು ಸಾಲು ಮನೆ, ಮೀನು ಒಣಗಿಸುವ ಶೆಡ್ಡು, ಕಂಪನಿಯ ಹೊಸ ಕ್ವಾರ್ಟರ್ಸು. ಕಣ್ಣು ಹಾಯಿಸಿದಷ್ಟು ದೂರ ಒಂದು ಮರ ಇಲ್ಲ. ಗಾಳಿ ನಿಲ್ಲುವುದಿಲ್ಲ. ನಮ್ಮಲ್ಲಿ ಆಷಾಢ ಒಂದು ತಿಂಗಳು ಬೀಸಿ ಸುಮ್ಮನಾಗುತ್ತೆ, ಅಲ್ಲಿ ವರ್ಷವಿಡೀ ಆಷಾಢ. ಅನ್ನದಲ್ಲಿ ಮರಳು, ಹಾಸಿಗೆಯಲ್ಲಿ ಮರಳು, ನಂಜುಂಡಯ್ಯ ಊರಿಂದ ಹೊತ್ತು ತಂದ ಕಾಫಿಪುಡಿಯಲ್ಲೂ ಮರಳು. ಅವನು ಡಿಕಾಕ್ಷನ್ನನ್ನು ಪಂಚೆಯ ಚುಂಗಿನಲ್ಲಿ ಎರಡು ಸಲ ಸೋಸಿ, ಕುಡಿದು, ಹಲ್ಲು ಕರಕರ ಅನ್ನಿಸುತ್ತಾ ಕೆಲಸಕ್ಕೆ ಹೊರಡುತ್ತಿದ್ದ.

ನನ್ನ ಕೆಲಸ ಧಕ್ಕೆಯ ಹಳಿ ಕುಸಿಯುತ್ತಿದೆಯೇ ಎಂದು ದಿನಾ ಮಟ್ಟ ನೋಡುವುದು. ಇವತ್ತು ನೆಟ್ಟ ಗುರುತು ನಾಳೆ ಕಾಣುವುದಿಲ್ಲ, ಮರಳು ನುಂಗಿರುತ್ತೆ. ಮೊದಲ ವಾರ ಕಂಗಾಲಾದೆ. ಆಮೇಲೆ ಉಪಾಯ ಹೊಳೆಯಿತು. ಕಾಣುವ ಎರಡು ಗುರುತುಗಳಿಂದ ನೋಟ ಹಿಡಿದು, ಹೆಜ್ಜೆ ಎಣಿಸಿ, ಅಗೆದರೆ ಮೂರನೆಯದು ಸಿಗುತ್ತೆ. ಕಂಪನಿಯ ಹುಡುಗರು ಇಡೀ ದಿನ ಹುಡುಕುತ್ತಿದ್ದುದನ್ನು ನಾನು ಕಾಲು ಗಂಟೆಯಲ್ಲಿ ತೆಗೆದು ತೋರಿಸುತ್ತಿದ್ದೆ. ಸ್ವಲ್ಪ ಜಂಬವೂ ಬಂತು.

ನಮ್ಮ ಜೀಪಿನ ಡ್ರೈವರು ಸಾಲೆಕ್, ಅಲ್ಲಿಯವನೇ. ನಲವತ್ತು ದಾಟಿದವನು, ಮೀನುಗಾರರ ಮನೆತನ, ನೀಲಿ ನಿಲುವಂಗಿ, ಕಾಲಿಗೆ ಕಂಪನಿಯ ಬೂಟು. ಅವನದೂ ಹರುಕು ಫ್ರೆಂಚು, ನಮ್ಮದೂ ಹರುಕು ಫ್ರೆಂಚು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು. ಮೊದಲ ದಿನ ಚಿಕ್ಕ ಗಾಜಿನ ಲೋಟದಲ್ಲಿ ಪುದೀನ ಹಾಕಿದ ಟೀ ಕೊಟ್ಟ. ಕುಡಿದು ಎದ್ದೆ. ಅವನ ಮುಖ ಕಪ್ಪಿಟ್ಟಿತು. ಅಲ್ಲಿ ಮೂರು ಸುತ್ತು ಕುಡಿಯದೆ ಏಳುವುದೆಂದರೆ, ನಮ್ಮಲ್ಲಿ ಎಲೆಗೆ ಪಲ್ಯ ಬಡಿಸಿದ ಕೂಡಲೇ ಎದ್ದು ಕೈ ತೊಳೆದ ಹಾಗೆ. ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಯಾಕೆಂದು ಹೇಳಲೂ ಇಲ್ಲ, ನಂಜುಂಡಯ್ಯನೇ ಪತ್ತೆ ಮಾಡಿಕೊಂಡು ಬಂದ. ಮೂರನೆಯ ದಿನ ಹೋಗಿ ಕೂತು ಆರು ಲೋಟ ಕುಡಿದೆ. ಸರಿಹೋಯಿತು.

ದ್ಯುವಾಲರ ಊಟದ ಮೇಜು

ನಮ್ಮ ಮೇಲಿನ ಇಂಜಿನಿಯರು ದ್ಯುವಾಲ್ ಎಂಬ ಫ್ರೆಂಚರು. ಮಾತು ಕಡಿಮೆ. ಆದರೆ ಹಳೆಯ ನಕ್ಷೆಗಳೆಂದರೆ ಪ್ರಾಣ. ಒಂದು ಭಾನುವಾರ ಊಟಕ್ಕೆ ಕರೆದವರು ಪೋರ್ಚುಗೀಸರ ಕಥೆ ತೆಗೆದರು.

ಊರಿನಿಂದ ದಕ್ಷಿಣಕ್ಕೆ ನೆಲ ಉದ್ದ ನಾಲಿಗೆಯ ಹಾಗೆ ಸಮುದ್ರಕ್ಕೆ ಚಾಚಿದೆ. ಅದರ ತುದಿ ಬಿಳಿ ಭೂಶಿರ. ಒಂದು ಕಾಲದಲ್ಲಿ ಯೂರೋಪಿನ ನಾವಿಕರು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲವಂತೆ. ಉತ್ತರಕ್ಕೆ ಬೊಜಡೋರ್ ಎಂಬ ಇನ್ನೊಂದು ಭೂಶಿರವಿದೆ. ಅದರಾಚೆ ಸಮುದ್ರ ಕುದಿಯುತ್ತೆ, ಹೋದ ಹಡಗು ಗಾಳಿಗೆ ಎದುರಾಗಿ ಹಿಂದಿರುಗುವುದಿಲ್ಲ ಎಂಬ ಭಯ. ಆ ಭಯ ದಾಟಿದ ಮೇಲೆ ಪೋರ್ಚುಗೀಸರು ಒಂದೊಂದೇ ಮೂಲೆ ಹಿಡಿದು ಕೆಳಗಿಳಿದರು. ನಮ್ಮ ಸ್ಕೂಲು ಪುಸ್ತಕದಲ್ಲಿ ಅವರು ಕಲ್ಲಿಕೋಟೆಯಲ್ಲಿ ಒಮ್ಮೆಗೇ ಪ್ರತ್ಯಕ್ಷವಾಗುತ್ತಾರೆ. ಅದಕ್ಕೆ ಐವತ್ತು ವರ್ಷಕ್ಕೂ ಮುಂಚೆ ಈ ಬೆಂದ ಮೂಲೆಗೆ ಬಂದಿದ್ದರು ಎಂದು ಯಾವ ಮೇಷ್ಟರೂ ನನಗೆ ಹೇಳಿರಲಿಲ್ಲ.

ಮೊದಲು ಬಂದವರಿಗೆ ಇಲ್ಲಿ ಕಂಡದ್ದು ಮನುಷ್ಯರ ಹೆಜ್ಜೆ ಗುರುತು, ಮೀನಿನ ಬಲೆ. ಮನುಷ್ಯರು ಕಾಣಲಿಲ್ಲ. ಜಾಗಕ್ಕೊಂದು ಹೆಸರಿಟ್ಟು, ಬರೆದುಕೊಂಡು ಹಿಂದಿರುಗಿದರು. ಆ ಕಾಲದಲ್ಲಿ ಗುರುತಿಗೆ ಮರದ ಶಿಲುಬೆ ನೆಡುತ್ತಿದ್ದರಂತೆ. ಮರ ಬಾಳಿಕೆ ಬರುವುದಿಲ್ಲವೆಂದು ಆಮೇಲಿನವರು ದಕ್ಷಿಣದ ಭೂಶಿರಗಳಲ್ಲಿ ರಾಜನ ಲಾಂಛನ ಕೆತ್ತಿದ ಕಲ್ಲುಕಂಬಗಳನ್ನೇ ಹಡಗಿನಲ್ಲಿ ಹೇರಿಕೊಂಡು ಬಂದು ನೆಟ್ಟರು.

"ಹಂಗಾದ್ರೆ ಅವರು ನಿಮ್ಮ ಸರ್ವೆಯವರೇ ಬಿಡಯ್ಯ" ಎಂದ ನಂಜುಂಡಯ್ಯ ಕನ್ನಡದಲ್ಲಿ, "ಹೋದ್ ಕಡೆ ಎಲ್ಲ ಕಲ್ಲು ನೆಡೋರು."

ಊಟ ಮುಗಿಯುವ ಹೊತ್ತಿಗೆ ದ್ಯುವಾಲ್ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಆ ನಾಲಿಗೆಯಂಥ ನೆಲವನ್ನು ಉದ್ದಕ್ಕೆ ಸೀಳಿ ಎರಡು ಮಾಡಿದ್ದಾರೆ. ಪಡುವಣ ಮಗ್ಗುಲು ಸ್ಪೇನಿನದು, ಮೂಡಣ ಮಗ್ಗುಲು ಮಾರಿಟೇನಿಯದ್ದು. ನಡುವೆ ಅಲ್ಲಲ್ಲಿ ಗಡಿಕಂಬ ಬಿಟ್ಟರೆ ಬೇಲಿ ಇಲ್ಲ. ಹಿಂದೆ ಒಬ್ಬ ಫಿಟ್ಟರು ಮೀನು ಹಿಡಿಯುತ್ತಾ ಆಚೆ ಹೋಗಿಬಿಟ್ಟ. ಸ್ಪೇನಿನವರು ದೂರು ಬರೆದರು. ಅವನನ್ನು ಮುಂದಿನ ವಿಮಾನದಲ್ಲೇ ಅವನ ದೇಶಕ್ಕೆ ಕಳಿಸಲಾಯಿತು. "ತುದಿಯನ್ನು ನೋಡಿ ಬನ್ನಿ. ಆದರೆ ನಿಮ್ಮ ಬಗ್ಗೆ ನನಗೆ ಕಾಗದ ಬರಬಾರದು" ಎಂದರು.

ಬಿಳಿ ಭೂಶಿರ

ಮುಂದಿನ ಭಾನುವಾರ ಸಾಲೆಕ್ ಕರೆದುಕೊಂಡು ಹೋದ. ದಾರಿ ಎಂಬುದಿಲ್ಲ, ಹಿಂದೆ ಹೋದ ಜೀಪಿನ ಗಾಲಿಯ ಗುರುತೇ ದಾರಿ. ಎರಡು ಸಲ ಗಾಲಿ ಹೂತಿತು. ಎರಡು ಸಲವೂ ನಂಜುಂಡಯ್ಯ ಇಳಿದು, ಇಂಜಿನ್ನಿಗೆ ಏನು ಮಾಡಬೇಕು ಎಂದು ವಿವರಿಸುತ್ತಾ ನಿಂತ. ಸಾಲೆಕ್ ಅವನ ಮಾತು ಪೂರ್ತಿ ಕೇಳಿ, ಗಾಲಿಯ ಗಾಳಿ ಅರ್ಧ ಇಳಿಸಿ, ಜೀಪು ಎಬ್ಬಿಸಿಕೊಂಡು ಹೊರಟ.

ಭೂಶಿರ ಎಂದ ಮೇಲೆ ದೊಡ್ಡ ಬಂಡೆ ಇರಬೇಕು ಎಂದುಕೊಂಡಿದ್ದೆ. ನಮ್ಮ ಹೆಬ್ಬಾಳದ ಕೆರೆ ಏರಿಯ ಮೇಲೆ ನಿಂತರೆ ಇದಕ್ಕಿಂತ ಎತ್ತರ ಅನ್ನಿಸುತ್ತೆ. ಸುಣ್ಣ ಬಳಿದು ಮಳೆಗೆ ಬಿಟ್ಟ ಗೋಡೆಯಂಥ ಮರಳುಗಲ್ಲು, ಬುಡದಲ್ಲಿ ಸಮುದ್ರ ಕೊರೆದ ಗವಿಗಳು, ಒಂದು ದೀಪಸ್ತಂಭ. ಗವಿಯ ಬಾಯಲ್ಲಿ ಕಪ್ಪಗೆ ಒದ್ದೆಯಾಗಿ ಏನೋ ಮಲಗಿತ್ತು. ಎಮ್ಮೆಯಷ್ಟು ದಪ್ಪ, ಕಾಲಿಲ್ಲ, ಮೀಸೆ ಇದೆ. ಸೀಲ್ ಎಂಬ ಪ್ರಾಣಿಯಂತೆ, ಪೋರ್ಚುಗೀಸರು ಕಡಲ ತೋಳವೆಂದು ಕರೆದು ಚರ್ಮಕ್ಕೂ ಎಣ್ಣೆಗೂ ಕೊಲ್ಲುತ್ತಿದ್ದರಂತೆ. ಅದು ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಮೊದಲು ಬಂದ ಹಡಗಿನವರಿಗೆ ಬಲೆ ಕಂಡಿತು, ಜನ ಕಾಣಲಿಲ್ಲ ಎಂಬ ಕಥೆಯನ್ನು ಸಾಲೆಕ್‌ಗೆ ಹೇಳಿದೆ. ಅವನಿಗೆ ಹೊಸದೇನೂ ಅನ್ನಿಸಲಿಲ್ಲ. ಬಲೆ ಬಿಟ್ಟು ಯಾರೂ ದೂರ ಹೋಗುವುದಿಲ್ಲ, ಮರಳುದಿಬ್ಬದ ಹಿಂದೆ ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದರು ಎಂದ, ತಾನೂ ಅಲ್ಲೇ ಇದ್ದವನ ಹಾಗೆ. ಮುಂದಿನ ಹಡಗಿನವರು ದಿಬ್ಬದ ಹಿಂದೆಯೂ ನೋಡಿದರಂತೆ. ಸಿಕ್ಕವರನ್ನು ಗುಲಾಮರಾಗಿ ಮಾರಲು ಹಡಗಿಗೆ ಹತ್ತಿಸಿಕೊಂಡು ಹೋದರು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕೆಳಗಿನ ದಂಡೆಯ ಮೇಲೆ ಹತ್ತಾರು ಗಳು ನೆಟ್ಟು ಮೀನು ಒಣಗಲು ಹಾಕಿದ್ದರು. ಅದು ತನ್ನ ಸೋದರಮಾವನ ಕಣ, ನೋಡಿಕೊಂಡು ಬರುತ್ತೇನೆ, ಜೀಪಿನ ಹತ್ತಿರವೇ ಇರಿ ಎಂದು ಸಾಲೆಕ್ ಇಳಿದು ಹೋದ.

ಕೊನೆಯ ಕಂಬ

ಜೀಪಿನ ಹತ್ತಿರವೇ ಇದ್ದೆವು. ತಪ್ಪು ಅಲ್ಲೇ ಆಯಿತು.

ಇಪ್ಪತ್ತು ಮಾರು ಆಚೆ, ಪಡುವಣಕ್ಕೆ, ಒಂದು ಸಿಮೆಂಟು ಕಂಬ ಮಲಗಿತ್ತು. ಸೊಂಟದೆತ್ತರದ್ದು, ಬುಡ ಮುರಿದಿದೆ. ಒಂದು ಮಗ್ಗುಲಿಗೆ ಸ್ಪೇನಿನ ಅಕ್ಷರ, ಇನ್ನೊಂದು ಮಗ್ಗುಲಿಗೆ ಫ್ರಾನ್ಸಿನದು. ಫ್ರಾನ್ಸು ಹೋಗಿದ್ದರೂ ಅದರ ಅಕ್ಷರ ಹೋಗಿರಲಿಲ್ಲ. ಗಡಿ ಸಮುದ್ರಕ್ಕೆ ಇಳಿಯುವ ಕಡೆಯ ಕೊನೆಯ ಕಂಬ ಅದು.

ನಮ್ಮಲ್ಲಿ ಇದಕ್ಕೆ ಬಾಂದು ಅನ್ನುತ್ತೇವೆ. ಹೊಲದ ಮೂಲೆಯಲ್ಲಿ ಸರ್ವೆಯವರು ನೆಡುವ ಎಲ್ಲೆಕಲ್ಲು. ನಮ್ಮ ತಂದೆ ಸರ್ವೆಯವರಿಗೆ ಸರಪಳಿ ಎಳೆಯುವ ಕೂಲಿ. ಜಾಲಹಳ್ಳಿ ಕಡೆ ಕಾರ್ಖಾನೆಗಳಿಗೆ ಜಮೀನು ಅಳೆಯುವಾಗ ಅವರ ಹಿಂದೆ ಕಲ್ಲು ಎತ್ತಿಕೊಡುತ್ತಾ ನಾನೂ ಅಲೆದಿದ್ದೇನೆ. ಬಾಂದಿನ ಬುಡಕ್ಕೆ ಇದ್ದಿಲು, ಹೆಂಚಿನ ಚೂರು ಹಾಕುತ್ತಿದ್ದರು. ಕಲ್ಲು ಹೋದರೂ ಇದ್ದಿಲು ಕೊಳೆಯುವುದಿಲ್ಲ, ಅಗೆದರೆ ಜಾಗ ಸಿಗುತ್ತೆ. ಬಿದ್ದ ಬಾಂದನ್ನು ನೋಡಿಯೂ ನೋಡದ ಹಾಗೆ ದಾಟಿ ಹೋಗುವುದು ನಮ್ಮ ಮನೆಯಲ್ಲಿ ಆಗದ ಕೆಲಸ.

ಉತ್ತರಕ್ಕೆ ನೋಡಿದರೆ ಇನ್ನೆರಡು ಕಂಬ ನೆಟ್ಟಗೆ ನಿಂತಿವೆ. ಅವೆರಡರಿಂದ ನೋಟ ಹಿಡಿದೆ. ಗೆರೆ ಈ ಕಂಬದ ಮೇಲೆ ಬೀಳಲಿಲ್ಲ, ಸಾಕಷ್ಟು ಮೂಡಣಕ್ಕೆ ಬಿತ್ತು. ಜೀಪಿನ ಸಲಿಕೆ ತೆಗೆದುಕೊಂಡು ಹೋಗಿ ಅಗೆದೆ. ಇದ್ದಿಲು ಸಿಗಲಿಲ್ಲ. ಮೊಣಕಾಲುದ್ದ ಕೆಳಗೆ, ಮುರಿದ ಸಿಮೆಂಟಿನ ಬುಡ ಸಿಕ್ಕಿತು, ತುಕ್ಕು ಹಿಡಿದ ಕಂಬಿಯ ಸಮೇತ. ಪರೀಕ್ಷೆಯಲ್ಲಿ ಪಾಸಾದ ದಿನ ಕೂಡ ನನಗೆ ಅಷ್ಟು ಖುಷಿಯಾಗಿರಲಿಲ್ಲ.

"ನಿಂಗ್ಯಾಕಯ್ಯ ಅವರ ಗಡಿ ಉಸಾಬರಿ" ಎಂದ ನಂಜುಂಡಯ್ಯ, ಟೋಪಿ ಮುಖದ ಮೇಲೆ ಎಳೆದುಕೊಂಡು.

"ಜಾಗ ತಪ್ಪಿದೆ ಕಣಯ್ಯ."

"ತಪ್ಪಿದ್ರೆ ಸ್ಪೇನು ನೋಡ್ಕೊಳುತ್ತೆ. ನಿಂಗೇನು ಇಲ್ಲಿ ಭತ್ಯೆ ಕೊಡ್ತಾರಾ?"

ಬೈದುಕೊಂಡೇ ಎದ್ದು ಬಂದು ಕೈ ಹಾಕಿದ. ಇಬ್ಬರೂ ಕಂಬವನ್ನು ಉರುಳಿಸಿಕೊಂಡು ತಂದು, ಹಳೆಯ ಬುಡದ ಮೇಲೆ ನಿಲ್ಲಿಸಿ, ಸುತ್ತ ಕಲ್ಲು ಬಿಗಿದು, ಮರಳು ಮುಚ್ಚಿದೆವು. ಮೂರು ಕಂಬವೂ ಒಂದೇ ಗೆರೆಯಲ್ಲಿ ನಿಂತವು. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು. ತಿರುಗಿದರೆ ಬಂದೂಕು ಹಿಡಿದ ನಾಲ್ಕು ಜನ ಸ್ಪೇನಿನ ಸಿಪಾಯಿಗಳು.

ಕೂಗು ಕೇಳಿ ಕೆಳಗಿನಿಂದ ಸಾಲೆಕ್ ಓಡಿ ಬಂದ. ನೆಟ್ಟ ಕಂಬ ನೋಡಿದ, ನನ್ನ ಕೈಯಲ್ಲಿದ್ದ ಸಲಿಕೆ ನೋಡಿದ. ಟೀ ಬಿಟ್ಟು ಎದ್ದ ದಿನ ನೋಡಿದ ಮುಖವೇ ಅದು.

ಲಾ ಗುವೇರಾ ಠಾಣೆ

ಪಡುವಣ ಮಗ್ಗುಲಲ್ಲಿ ಲಾ ಗುವೇರಾ ಎಂಬ ಸ್ಪೇನಿನ ಊರು. ಅಲ್ಲಿನ ಠಾಣೆಗೆ ಮೂವರನ್ನೂ ಒಯ್ದರು. ಅಧಿಕಾರಿ ಕ್ಷೌರದ ನಡುವೆ ಎದ್ದು ಬಂದಿದ್ದ, ಒಂದು ಕೆನ್ನೆಯ ಮೇಲೆ ಸೋಪಿನ ನೊರೆ. ಫ್ರೆಂಚು ನಮಗಿಂತ ಚೆನ್ನಾಗಿ ಬರುತ್ತಿತ್ತು. ಸ್ಪೇನಿನ ಗಡಿಯನ್ನು ಅಲ್ಲಾಡಿಸಲು ನೀನು ಯಾರು, ಯಾರ ಹುಕುಂ ಎಂದು ಕೇಳಿದ. ಯಾರ ಹುಕುಮ್ಮೂ ಇಲ್ಲ, ಬಿದ್ದಿತ್ತು, ಎಬ್ಬಿಸಿದೆ ಎಂದೆ. ನಂಬಲಿಲ್ಲ. ಹಿಂದೂಸ್ತಾನದಿಂದ ಬಂದು ಒಬ್ಬ ಇಂಜಿನಿಯರು ಸುಮ್ಮನೆ ಬಿಟ್ಟಿ ಕಂಬ ಎಬ್ಬಿಸುತ್ತಾನೆ ಎಂದರೆ ನಾನಾದರೂ ನಂಬುತ್ತಿರಲಿಲ್ಲ. ದೂರು ಬರೆಯಲು ಕಾಗದ ತೆಗೆದ. ದ್ಯುವಾಲರ ಹೆಸರು ಕೇಳಿ ಬರೆದುಕೊಂಡ. ನನ್ನ ಕಣ್ಣ ಮುಂದೆ ವಿಮಾನದ ಏಣಿ, ಅದರಾಚೆ ನಮ್ಮ ಕಛೇರಿಯ ದೊಡ್ಡವರ ಮುಖ.

ಅಷ್ಟರಲ್ಲಿ ಒಬ್ಬ ಸಿಪಾಯಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ಪೆನ್ನು ಕೆಳಗಿಟ್ಟ. ಕಂಬ ಯಾವ ಕಡೆಗೆ ಹೋಯಿತು ಎಂದು ಕೇಳಿದ. ಮೂಡಣಕ್ಕೆ ಎಂದೆ. ಕೆನ್ನೆಯ ನೊರೆ ಒರೆಸಿಕೊಂಡು ನಮಗೆ ಕಾಫಿ ತರಿಸಿದ.

ವಿಷಯ ಇಷ್ಟು. ಕಂಬ ಬಿದ್ದಿದ್ದ ಜಾಗಕ್ಕೂ ನಾನು ನೆಟ್ಟ ಜಾಗಕ್ಕೂ ನಡುವೆ, ಕೆಳಗಿನ ದಂಡೆಯಲ್ಲಿ, ಆ ಮೀನಿನ ಕಣವಿತ್ತು. ಕಂಬ ಮಲಗಿದ್ದಷ್ಟು ದಿನ ಆ ದಂಡೆ ಯಾರದೆಂದು ಎರಡು ಕಡೆಯವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಇಬ್ಬರೂ ಸುಮ್ಮನಿದ್ದರು. ಗಡಿ ಮೂಡಣಕ್ಕೆ ಸರಿದ ಮೇಲೆ ಈಗ ಅದು ಸ್ಪೇನಿನದು. ಕಣದವರ ಹತ್ತಿರ ಸ್ಪೇನಿನ ಕಾಗದಪತ್ರ ಇಲ್ಲ, ಅವರನ್ನು ಅಲ್ಲಿಂದ ಎಬ್ಬಿಸಬಹುದು.

ಅಧಿಕಾರಿ ಬಹಳ ಮರ್ಯಾದೆಯಿಂದ ಮಾತಾಡಿದ. ಇಂಜಿನಿಯರಾಗಿ ನಾನು ಅಳತೆ ಮಾಡಿ ಸರಿಯಾದ ಜಾಗ ಕಂಡುಹಿಡಿದೆ ಎಂದು ಎರಡು ಸಾಲು ಬರೆದು ರುಜು ಮಾಡಿದರೆ ಸಾಕು. ಅವನೂ ದ್ಯುವಾಲರಿಗೆ ಕಾಗದ ಬರೆಯುತ್ತಾನೆ, ಆದರೆ ಅದು ಹೊಗಳಿಕೆಯ ಕಾಗದ. ಕಂಬದ ಜಾಗಕ್ಕೆ ಏನಾದರೂ ಗುರುತು ಸಿಕ್ಕಿತೇ ಎಂದೂ ಕೇಳಿದ.

ಮರಳಿನ ಕೆಳಗಿನ ಬುಡದ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಸಾಲೆಕ್ ನನ್ನ ಪಕ್ಕದಲ್ಲಿ ನೆಲ ನೋಡುತ್ತಾ ಕೂತಿದ್ದ. ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಆ ಕಂಬ ಗಾಳಿಗೆ ಬಿದ್ದದ್ದಲ್ಲ, ಮೊಸ್ಯೋ. ನನ್ನ ಮಾವ ಮತ್ತೆ ಅವನ ಮಕ್ಕಳು ಮಲಗಿಸಿದ್ದು."

ನಾನು ಕಾಫಿ ಕುಡಿದೆ. ಬಲೆ ಕಂಡಿತು, ಜನ ಕಾಣಲಿಲ್ಲ ಎಂದು ಬರೆದುಕೊಂಡು ಹೋದವರ ಕೈಯಲ್ಲೂ ಇಂಥದೇ ಒಂದು ಕಾಗದ ಇದ್ದಿರಬೇಕು. ನನಗೆ ಅವರ ಅನುಕೂಲವೂ ಇರಲಿಲ್ಲ. ಜನ ಕಂಡಿದ್ದರು, ಒಬ್ಬ ಪಕ್ಕದಲ್ಲೇ ಕೂತಿದ್ದ.

ಕಾಗದ ಎಳೆದುಕೊಂಡು ಬರೆದೆ: ನಾನು ಇಲ್ಲಿ ಕೆಲಸ ಕಲಿಯಲು ಬಂದವನು. ಉಪಕರಣವಿಲ್ಲದೆ ಕಣ್ಣಂದಾಜಿನಲ್ಲಿ ಕಂಬ ನಿಲ್ಲಿಸಿದೆ. ಜಾಗಕ್ಕೆ ಯಾವ ಗುರುತೂ ಸಿಗಲಿಲ್ಲ. ನನ್ನ ಅಳತೆ ತಪ್ಪು.

ನಂಜುಂಡಯ್ಯ ಹೆಗಲ ಮೇಲಿಂದ ಓದುತ್ತಿದ್ದ. "ಏನಯ್ಯ ಬರೀತಿದ್ದೀಯ, ತಲೆ ಕೆಟ್ಟಿದ್ಯಾ? ಇದು ದ್ಯುವಾಲ್ ಕೈಗೆ ಹೋಗುತ್ತೆ ಕಣೋ."

"ಹೋಗ್ಲಿ."

"ಗ್ರಾಜುಯೇಟ್ ಆಗಿ ಹಿಂಗೆ ಬರೆದು ಕೊಡ್ತಾರೇನೋ?"

ರುಜು ಮಾಡಿದೆ.

ಅಧಿಕಾರಿ ಎರಡು ಸಲ ಓದಿದ. ನನ್ನನ್ನೂ ಸಾಲೆಕ್‌ನನ್ನೂ ನೋಡಿದ. ಅವನಿಗೆ ಅನುಮಾನ ಬಂದಿತ್ತು, ಆದರೆ ತಪ್ಪು ಎಂದು ಬರೆದುಕೊಟ್ಟವನಿಂದ ಸರಿ ಎಂದು ಬರೆಸಿಕೊಂಡು ಪ್ರಯೋಜನವಿಲ್ಲವೆಂದೂ ಗೊತ್ತಿತ್ತು. ಹಿಂದೂಸ್ತಾನದ ಸೇತುವೆಗಳು ನಿಂತಿರುವುದು ಹೇಗೆ ಎಂದು ಸಿಪಾಯಿಗಳ ಕಡೆ ತಿರುಗಿ ಕೇಳಿದ, ಅವರು ನಕ್ಕರು. ಹೋಗಿ, ಎಲ್ಲಿ ಬಿದ್ದಿತ್ತೋ ಅಲ್ಲೇ ಹಾಕಿ ಬಾ ಎಂದ.

ನಿಲ್ಲಿಸಿದ್ದಕ್ಕಿಂತ ಮಲಗಿಸುವುದು ಕಷ್ಟವಾಯಿತು. ಬಂದೂಕಿನವರು ಸಿಗರೇಟು ಸೇದುತ್ತಾ ನೋಡುತ್ತಿದ್ದರು. ಕಲ್ಲು ಬಿಡಿಸುವಾಗ ಬುಡದ ತುಂಡು ಕಾಣದ ಹಾಗೆ ಕಾಲಲ್ಲೇ ಮರಳು ತಳ್ಳಿಕೊಂಡೆ. ಕಂಬ ಮಲಗಿದ್ದ ಗುಳಿ ಇನ್ನೂ ಮುಚ್ಚಿರಲಿಲ್ಲ. ಅದರಲ್ಲೇ, ಹಿಂದೆ ಇದ್ದ ಮಗ್ಗುಲಿಗೇ ಹೊರಳಿಸಿದೆ. ಸಾಲೆಕ್ ಒಂದು ತುದಿ ಹಿಡಿದ. ಆಮೇಲೆ ಊರಿಗೆ ಕರೆತಂದ. ಕ್ವಾರ್ಟರ್ಸಿನ ಮುಂದೆ ಜೀಪು ನಿಲ್ಲಿಸಿ, ಅಲ್ಲೇ ಮೆಟ್ಟಿಲ ಮೇಲೆ ಒಲೆ ಹಚ್ಚಿ ಟೀಗೆ ಇಟ್ಟ. ನಂಜುಂಡಯ್ಯ ಮೂರು ಸುತ್ತೂ ಮುಖ ಗಂಟಿಕ್ಕಿಕೊಂಡೇ ಕುಡಿದ.

ವಾಪಸ್ಸು

ದೂರಿನ ಕಾಗದ ಹತ್ತು ದಿನಕ್ಕೆ ಬಂತು. ದ್ಯುವಾಲ್ ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಮುಚ್ಚಿಹೋದ ಗುರುತುಗಳನ್ನು ಕಾಲು ಗಂಟೆಯಲ್ಲಿ ತೆಗೆಯುವವನು ಇಲ್ಲಿ ಹೇಗೆ ತಪ್ಪಿದ ಎಂದು ಕೇಳಿದರು. ಗಾಳಿ ಜಾಸ್ತಿ ಇತ್ತು ಎಂದೆ. ಅವರು ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. ನನ್ನನ್ನು ವಿಮಾನ ಹತ್ತಿಸಲಿಲ್ಲ, ಧಕ್ಕೆಯ ಮಟ್ಟ ನೋಡಲು ಬೇರೆ ಜನ ಇರಲಿಲ್ಲ. ಆದರೆ ವರದಿ ಬರೆಯಲೇಬೇಕಿತ್ತು, ಬರೆದರು. ಕೆಲಸದಲ್ಲಿ ಶ್ರದ್ಧೆ ಇದೆ, ಅಳತೆಯಲ್ಲಿ ಎಚ್ಚರ ಸಾಲದು.

ಆ ಸಾಲು ನನಗಿಂತ ಮುಂಚೆ ಬೆಂಗಳೂರು ತಲುಪಿತ್ತು. ಈ ಸಲ ಯಾಕೋ ಕಾಗದ ಮಾರಿಷಸ್ಸಿಗೆ ಹೋಗಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ನಂಜುಂಡಯ್ಯನ ಹೆಸರು ಬಂತು, ನನ್ನದು ಬರಲಿಲ್ಲ. ದೊಡ್ಡವರು ನನ್ನನ್ನು ಕರೆಸಿ ವರದಿಯನ್ನು ಓದಿ ಹೇಳಿದರು. "ಸರ್ವೆಯೋನಿಗೆ ಅಳತೇನೇ ಬರದೆ ಹೋದ್ರೆ ಹೆಂಗ್ರೀ? ತಪ್ಪು ಮಾಡಿದ್ದು ನಿಜಾನಾ?" ನಂಜುಂಡಯ್ಯ ಬಾಗಿಲ ಹತ್ತಿರ ನಿಂತಿದ್ದ. ನಡೆದದ್ದು ಹೇಳಿಬಿಡಲೇ ಎಂದು ಅವನು ಕಣ್ಣಲ್ಲೇ ಕೇಳಿದ. ಬೇಡ ಎಂದು ತಲೆಯಾಡಿಸಿ, ನಿಜ ಸಾರ್ ಎಂದೆ. ನಾಲ್ಕು ವರ್ಷವಾಯಿತು. ಇವತ್ತಿಗೂ ಕಛೇರಿಯಲ್ಲಿ ನಾನು ಟೇಪು ಹಿಡಿದರೆ ಯಾರಾದರೊಬ್ಬರು ಹಿಂದೆ ನಿಂತು ಇನ್ನೊಂದು ಸಲ ಅಳೆದು ನೋಡುತ್ತಾರೆ.

ಕನ್ನಡ ಓದುವವರು ಲಾ ಗುವೇರಾ ಠಾಣೆಯಲ್ಲಿ ಯಾರೂ ಇಲ್ಲ. ಆ ಧೈರ್ಯದ ಮೇಲೆ ಇಲ್ಲಿ ಬರೆಯುತ್ತೇನೆ. ನಾನು ಕಂಬ ನಿಲ್ಲಿಸಿದ ಜಾಗ ಸರಿಯಾಗಿತ್ತು. ಒಂದು ಅಂಗುಲ ಕೂಡ ಆಚೀಚೆ ಇರಲಿಲ್ಲ.